ಕದಲಿಸಬಾರದ ಕಾಯಿ

ಮಧ್ಯಾಹ್ನ ಎರಡೂ ಕಾಲು. ಗಾಡಿಯ ಕೀ ಮೊಳೆಯಲ್ಲಿರಲಿಲ್ಲ.

ರೇಣುಕಪ್ರಸಾದ್ ಖಾಲಿ ಮೊಳೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಅಂಗಿಯ ಜೇಬು, ಟಿವಿಯ ಹಿಂದೆ, ದೇವರ ಗೂಡು, ಎಲ್ಲ ಹುಡುಕಿದ. ಅಂಗಳದಲ್ಲಿ ಅವನ ಸರಕು ಗಾಡಿ ಕೊಬ್ಬರಿ ಚೀಲ ಹೊತ್ತು ನಿಂತಿತ್ತು. ಅರ್ಧ ಅವನದು, ಅರ್ಧ ಪಕ್ಕದ ತೋಟದ ಮಲ್ಲೇಶನದು. ಸಂಜೆ ಹೊರಟು ತಿಪಟೂರಿನ ಮಂಡಿಗೆ ಇಳಿಸಿದರೆ ಮಾತ್ರ ಮರುದಿನದ ಹರಾಜಿಗೆ ಸಿಗುತ್ತಿತ್ತು. ಅದೇ ಗಾಡಿಯಲ್ಲಿ ಮಗಳು ನಿಸರ್ಗ ನರ್ಸಿಂಗ್ ಕಾಲೇಜಿನ ಹಾಸ್ಟೆಲಿಗೆ ವಾಪಸು ಹೋಗಬೇಕಿತ್ತು.

“ಕೀ ಎಲ್ಲಿಟ್ಟೆ ಅನಿತಾ?”

ಪಾತ್ರೆ ಒರೆಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ನನ್ನತ್ರ ಐತೆ. ಒಂದು ಗಂಟೆ ನಿದ್ದೆ ಮಾಡಿ ಎದ್ದೇಳಿ, ಕೊಡ್ತೀನಿ.”

“ಏನೇ ಇದು ಮಕ್ಕಳಾಟ?”

“ಮಗಳು ಕೂತ್ಕೊಳ್ಳೋ ಗಾಡಿ ಕಣ್ರೀ ಅದು. ಕೆರೆ ತಾವ ಏನಾಯ್ತು ಅಂತ ಮಲ್ಲೇಶಣ್ಣ ಎಲ್ಲಾ ಹೇಳವ್ರೆ.”

ಹಿಂದಿನ ವಾರ ನೊಣವಿನಕೆರೆಯ ಕೆರೆ ಪಕ್ಕದ ತಿರುವಿನಲ್ಲಿ ಅವನಿಗೆ ಜೊಂಪು ಹತ್ತಿ ಗಾಡಿ ರಸ್ತೆ ಬಿಟ್ಟು ಇಳಿದಿತ್ತು. ಪಕ್ಕದಲ್ಲಿದ್ದ ಮಲ್ಲೇಶ ಸ್ಟೇರಿಂಗ್ ಎಳೆದ. ಮುಂದಿನ ಚಕ್ರ ಕಲ್ಲಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಕೊಬ್ಬರಿ ರೇಟು ಏರಿದಾಗಿನಿಂದ ಬಾಡಿಗೆಯ ಮೇಲೆ ಬಾಡಿಗೆ ಬಂದು, ಮಲಗುವ ಹೊತ್ತೆಲ್ಲ ಸೀಟಿನಲ್ಲೇ ಕಳೆದಿತ್ತು. ಆದರೆ ಆ ದಿನದ ನಂತರ ಹಾಸಿಗೆ ಸಿಕ್ಕರೂ ನಿದ್ದೆ ಬರುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ ಬಿದ್ದುಕೊಂಡ. ಫ್ಯಾನು ಕಿರಗುಟ್ಟಿತು. ಎದ್ದು ಆರಿಸಿದ. ಸೆಖೆಯಾಯಿತು. ಎದ್ದು ಹಾಕಿದ. ಫೋನು ನೋಡಿದ. ಕೊನೆಗೆ ಗೋಡೆ ಕಡೆ ಮುಖ ಮಾಡಿ ಜೋರಾಗಿ ಗೊರಕೆ ಹೊಡೆಯತೊಡಗಿದ.

“ಸಾಕು ನಿಲ್ಸಿ,” ಅನಿತಾ ಅಡುಗೆಮನೆಯಿಂದಲೇ ಕೂಗಿದಳು. “ನೀವು ನಿಜವಾಗ್ಲೂ ಮಲಗಿದ್ರೆ ಗೊರಕೇನೇ ಬರಲ್ಲ.”

ಜಗಲಿಯಲ್ಲಿ ಎಲೆ ಮಡಿಸುತ್ತಿದ್ದ ತಾಯಿ ಗುರುಸಿದ್ದಮ್ಮ ನಕ್ಕರು. “ಸಣ್ಣವನಿದ್ದಾಗ್ಲೂ ಹಿಂಗೇ ಕಣೇ. ಸ್ಕೂಲಿಗೆ ಹೋಗು ಅಂದ್ರೆ ಗೊರಕೆ.”

ಬ್ಯಾಗು ತುಂಬಿಸುತ್ತಿದ್ದ ನಿಸರ್ಗ ಬಂದು ಅವನ ತಲೆಯ ಹತ್ತಿರ ಕೂತಳು. “ಅಪ್ಪಾ, ಯೋಗನಿದ್ರೆ ಮಾಡಿಸ್ತೀನಿ. ಕಾಲೇಜಲ್ಲಿ ಹೇಳ್ಕೊಟ್ಟವ್ರೆ. ನೀನೇನೂ ಮಾಡ್ಬೇಡ. ನಾನು ಹೆಸರು ಹೇಳಿದ ಕಡೆಗೆ ಮನಸ್ಸು ಕೊಡು, ಅಷ್ಟೇ. ಬಲಗೈ ಹೆಬ್ಬೆರಳು…”

“ಹ್ಞೂಂ.”

“ಉತ್ತರ ಕೊಡ್ಬಾರ್ದು. ತೋರುಬೆರಳು… ಅಂಗೈ… ಮೊಣಕೈ… ಬಲಗಾಲಿನ ಹೆಬ್ಬೆರಳು…”

“ಅದರ ಉಗುರು ಹೋಗೈತೆ ಕಣವ್ವ. ಅಲ್ಲಿಗೂ ಮನಸ್ಸು ಕೊಡ್ಬೇಕಾ?”

“ಕೊಡಪ್ಪ! ಹೋದ ಉಗುರಿಗೂ ಕೊಡು.”

ಹೊಟ್ಟೆಯ ತನಕ ಬರುವಷ್ಟರಲ್ಲಿ ಅವನು ತಟ್ಟನೆ ಎದ್ದು ಕೂತ. ಕತ್ತಿನಲ್ಲಿ ಬೆವರು ಹರಿಯುತ್ತಿತ್ತು.

“ಏನಾಯ್ತಪ್ಪ?”

“ಕಣ್ಣು ಮುಚ್ಚಿದ್ರೆ ಗಾಡಿ ಇಳೀತದೆ,” ಎಂದ. “ನೀರು ಕಾಣ್ತದೆ. ನಿಮ್ಮಮ್ಮಂಗೆ ಹೇಳ್ಬೇಡ.”

ನಿಸರ್ಗ ಅವನ ಕತ್ತಿನ ಬೆವರು ಒರೆಸಿದಳು. “ಹಂಗಿದ್ರೂ ಇವತ್ತು ನನ್ನ ಕೂರಿಸ್ಕೊಂಡು ಹೋಗ್ತೀಯಾ?”

“ಹೋಗ್ದೆ? ಓಡಿಸ್ವಾಗ ಏನೂ ಆಗಲ್ಲ ಬುಡು.”

ಅವಳು ಎದ್ದು ಹಿತ್ತಲಿಗೆ, ಅನಿತಾ ಇದ್ದಲ್ಲಿಗೆ ಹೋದಳು. ಈಗ ಕೀ ಸಿಗುವುದೇ ಇಲ್ಲ ಎಂದು ರೇಣುಕಪ್ರಸಾದನಿಗೆ ಖಾತ್ರಿಯಾಯಿತು. ತಾನು ಕೈ ಹಾಕದ ಜಾಗ ಈ ಮನೆಯಲ್ಲಿ ಯಾವುದು ಎಂದು ಯೋಚಿಸಿದ. ತಲೆ ಎತ್ತಿ ನೋಡಿದ.

ಅಟ್ಟ. ಅಡಿಕೆ ಮರದ ಸೀಳು ದಬ್ಬೆ ಜೋಡಿಸಿದ ಅಟ್ಟದ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ರಾಶಿ ಹಾಕಿದ್ದರು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಿಯವರೆಗೆ ಕಾಯಿಯನ್ನು ಕದಲಿಸಬಾರದು ಎಂಬುದು ಆ ಮನೆಯ ರೂಢಿ. ಅದನ್ನು ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದವನು ಅವನೇ. ಹಬ್ಬಕ್ಕೆ ಧೂಳು ಹೊಡೆಯಲು ಹತ್ತಿದ ಅನಿತಾಳನ್ನು ಬೈದು ಇಳಿಸಿದ್ದ.

ಚಪ್ಪಲಿ ಬಿಟ್ಟು ಏಣಿ ಹತ್ತಿದ. ರಾಶಿಯ ನಡುವೆ ಓಡಾಡಲು ಒಂದೇ ಹಲಗೆ. ಅದರ ಆಚೆ ತುದಿಯಲ್ಲಿ, ತೊಲೆಯ ಮೊಳೆಗೆ ಕೀ ತೂಗುತ್ತಿತ್ತು. ಅನಿತಾ ಏಣಿಯ ಮೇಲೇ ನಿಂತು ಕಾಯಿ ಕೀಳುವ ದೋಟಿಯಿಂದ ತಗುಲಿಹಾಕಿದ್ದಳು.

ಹೆಂಚು ತಲೆಗೆ ತಾಗುತ್ತಿತ್ತು. ಅವನು ಹೊಟ್ಟೆಯ ಮೇಲೆ ತೆವಳಿದ. ಕೈ ಚಾಚಿ ಕೀ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದ. ಹಿಂದಕ್ಕೆ ಜಾರುವಾಗ ಮೊಣಕೈ ಒಂದು ಕಾಯಿಗೆ ತಾಗಿತು. ಅದು ಉರುಳಿತು. ಅದರ ಮೇಲಿನದು ಕುಸಿಯಿತು. ಅವನು ತಕ್ಷಣ ಭುಜ ಕೊಟ್ಟು ರಾಶಿಯನ್ನು ತಡೆದ.

ಅಲುಗಿದರೆ ಎಲ್ಲ ಕೆಳಗೆ. ಹಸಿ ಕಾಯಿ ಒಡೆದರೆ ಕೊಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅನಿತಾಗೆ ಕೇಳಿಸುತ್ತದೆ. ರಾಶಿ ತಾನಾಗಿ ನಿಲ್ಲುವ ತನಕ ಕಾಯಬೇಕು. ಬಲಗೈ ಅಲುಗಬಾರದು. ಮೊಣಕೈ ಅಲುಗಬಾರದು. ಭುಜ. ಸೊಂಟ. ಎಡಗಾಲು. ಒಂದೊಂದನ್ನೂ ಹೆಸರು ಹಿಡಿದು ಸುಮ್ಮನಿರಿಸಿದ. ಹಲಗೆ ಬೆಚ್ಚಗಿತ್ತು. ಒಣಸಿಪ್ಪೆಯ ವಾಸನೆ ಇತ್ತು. ಕೆನ್ನೆ ಹಲಗೆಗೆ ತಾಗಿತು. ಉಗುರು ಹೋದ ಹೆಬ್ಬೆರಳಿನ ತನಕ ಬಂದ. ಅಲ್ಲಿಂದ ಮುಂದೆ ಹೋಗಲಿಲ್ಲ.

ಮಲ್ಲೇಶ ಬಂದಾಗ ಐದು ಗಂಟೆ. “ಎಲ್ಲೋದ್ನಮ್ಮ ನಿನ್ ಗಂಡ? ಚೀಲ ನೋಡುದ್ರೆ ಗಾಡೀಲವೆ, ಡ್ರೈವರ್ರೇ ಇಲ್ಲ!”

ತೋಟ ನೋಡಿದರು. ಪಂಪ್‌ಮನೆ ನೋಡಿದರು. ಫೋನು ಚಾಪೆಯ ಮೇಲೇ ಬಿದ್ದಿತ್ತು. ಅನಿತಾ ಬಾವಿಯ ಕಡೆ ಓಡಿ ಬಗ್ಗಿ ನೋಡಿ ಬಂದಳು. ಏಣಿಯ ಬುಡದಲ್ಲಿ ಚಪ್ಪಲಿ ಕಂಡವಳು ನಿಸರ್ಗ. ಅರ್ಧ ಏಣಿ ಹತ್ತಿ ನೋಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಇಳಿದಳು.

ಮಲ್ಲೇಶನೂ ಹತ್ತಿ ನೋಡಿದ. “ಕೀ ಕೈಯಲ್ಲೇ ಹಿಡ್ಕಂಡವ್ನೆ. ಲೇ ರೇ…”

“ಬ್ಯಾಡ ಮಲ್ಲೇಶಣ್ಣ!” ಅನಿತಾ ಕೆಳಗಿನಿಂದ ಅವನ ಪಂಚೆ ಹಿಡಿದೆಳೆದಳು. “ಕೂಗ್ಬ್ಯಾಡಿ.”

“ಹರಾಜು ತಪ್ತದೆ ಕಣಮ್ಮ. ಕೀ ಬಿಡಿಸ್ಕೊಟ್ರೆ ನಾನೇ ಓಡಿಸ್ತೀನಿ.”

“ಮುಷ್ಟಿ ಬಿಡಿಸುದ್ರೆ ಎದ್ದುಬುಡ್ತಾರೆ. ಎದ್ರೆ ಅವರೇ ಹೋಗ್ತೀನಿ ಅಂತಾರೆ. ನಿಮ್ ಮಾತು ಕೇಳ್ತಾರಾ?”

ಮಲ್ಲೇಶ ಏಣಿಯ ಮೇಲೇ ನಿಂತು ಗಾಡಿಯ ಕಡೆ ನೋಡಿದ, ಅಟ್ಟದ ಕಡೆ ನೋಡಿದ. “ಗೊರಕೆನೂ ಇಲ್ವಲ್ಲಮ್ಮ. ಉಸಿರಾಡ್ತಾ ಅವನಾ?”

“ಹಂಗಾದ್ರೆ ನಿಜವಾಗ್ಲೂ ನಿದ್ದೆ,” ಎಂದರು ಗುರುಸಿದ್ದಮ್ಮ. “ಇಳಿಯಪ್ಪ, ಕಾಫಿ ಕುಡಿ.”

ಮಲ್ಲೇಶ ಇಳಿದು ಬಂದು ಚೀಲಗಳ ಮೇಲೆ ಟಾರ್ಪಾಲು ಹೊದಿಸಿದ. ನಿಸರ್ಗ ಬ್ಯಾಗು ಹೆಗಲಿಗೇರಿಸಿ ಆರರ ಬಸ್ಸಿಗೆ ಹೋದಳು.

ಕೊಬ್ಬರಿ ಮರುದಿನದ ಹರಾಜಿಗೆ ಸಿಗಲಿಲ್ಲ. ಅದರ ಮುಂದಿನ ಹರಾಜಿಗೆ ಹೋಯಿತು. ಗಾಡಿ ಓಡಿಸಿದವನು ಮಲ್ಲೇಶ. ನೊಣವಿನಕೆರೆಯ ತಿರುವು ದಾಟುವಾಗ ರೇಣುಕಪ್ರಸಾದ್ ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ.