ಬ್ರಾಂದಿ ಅಂಗಡಿಯಲ್ಲಿ ಪಂಕ್ತಿಭೇದ

ಎಪ್ಪತ್ತೈದನೇ ಇಸವಿಯಲ್ಲಿ ನನ್ನ ತಮ್ಮ ಗಂಗಾಧರಯ್ಯ ತೀರಿಕೊಂಡ. ರಾಜಾಜಿನಗರದ ಅವನ ಬ್ರಾಂದಿ ಅಂಗಡಿ ಬಿಟ್ಟರೆ ಅವನ ಹೆಂಡತಿ ಕಮಲಾಕ್ಷಮ್ಮನಿಗೆ ಬೇರೆ ಆಧಾರವಿರಲಿಲ್ಲ. ಲಿಂಗ ಕಟ್ಟಿದವನೆಂದು ಎಂದೂ ಆ ಮೆಟ್ಟಿಲು ಹತ್ತದ ನಾನು, ವಿಭೂತಿ ಹಚ್ಚಿಕೊಂಡೇ ಗಲ್ಲಾದ ಮುಂದೆ ಕೂರತೊಡಗಿದೆ.

ಗಿರಾಕಿಗಳು ದಿನೇ ದಿನೇ ಕಡಮೆಯಾದರು. ಅಂಗಡಿ ಮುಚ್ಚಿಬಿಡೋಣವೇ ಎಂದು ಕಮಲಾಕ್ಷಮ್ಮ ಕೇಳತೊಡಗಿದಳು. ನಾವು ಬ್ರಾಂದಿ ಕಂಪನಿಯಿಂದ ಕೊಳ್ಳುವ ಬೆಲೆಗೇ ಎದುರಂಗಡಿಯ ಮುನಿರಾಮಯ್ಯ ಬಾಟಲಿ ಮಾರುತ್ತಿದ್ದ. ಅವನಿಗೆ ಹೇಗೆ ಗಿಟ್ಟುತ್ತದೆ? ಕುತೂಹಲ ತಡೆಯದೆ ಹೋಗಿ ಅವನನ್ನೇ ಕೇಳಿದೆ.

"ಕೊಂಡ ಮಾಲಿನ ಜೊತೆ ಕಂಪನಿಯವರು ಬಿಟ್ಟಿ ಪೆಟ್ಟಿಗೆ ಕೊಡ್ತಾರೆ, ಅಯ್ನೋರೆ," ಎಂದು ನಕ್ಕ. "ನಿಮ್ಮ ಹಣೆ ನೋಡಿ, ಇವರಿಗೆ ತೀರ್ಥ ಸಾಕು ಅಂದ್ಕೊಂಡಿರಬೇಕು."

ಕಂಪನಿಯ ಏಜೆಂಟ್ ಬಂದಾಗ ವಿಚಾರಿಸಿದೆ. ಸರ್ಕಾರಕ್ಕೆ ತಿಳಿಸಿದ ಒಂದೇ ದರದಲ್ಲಿ ಎಲ್ಲ ಅಂಗಡಿಗೂ ಮಾಲು ಕೊಡಬೇಕೆಂಬ ನಿಯಮ ಅವನಿಗೂ ಗೊತ್ತಿತ್ತು.

"ದರ ಒಂದೇ ಸಾರ್. ಬಿಟ್ಟಿ ಪೆಟ್ಟಿಗೆ ಪ್ರೀತಿಗೆ. ಬೇರೆ ಕಂಪನಿ ಮಾಲು ಇಡಬೇಡಿ, ನಿಮಗೂ ಕೊಡ್ತೀನಿ."

"ದಾಸೋಹದಲ್ಲಿ ಒಬ್ಬರ ಎಲೆಗೆ ತುಪ್ಪ ಹಾಕಿ, ಪಕ್ಕದವರಿಗೆ ಬರೀ ಅನ್ನ ಬಡಿಸಿದರೆ ಏನಂತಾರಪ್ಪ?"

"ಪಂಕ್ತಿಭೇದ ಅಂತಾರೆ. ಆದರೆ ಇದು ಬ್ರಾಂದಿ, ಸಾರ್."

"ಬ್ರಾಂದಿಗೂ ಸರ್ಕಾರ ಅದೇ ಧರ್ಮ ಹೇಳಿದೆಯಲ್ಲ, ಅದೇ ನನಗೆ ಆಶ್ಚರ್ಯ. ಕೊಟ್ಟರೆ ಎಲ್ಲರಿಗೂ ಕೊಡು, ಇಲ್ಲದಿದ್ದರೆ ಯಾರಿಗೂ ಬೇಡ. ಇದು ಸರಿಯೋ ಅಂತ ನಾಳೆ ಅಬಕಾರಿ ಕಚೇರಿಯಲ್ಲೂ ಕೇಳ್ತೀನಿ."

ಮರುವಾರವೇ ಬಿಟ್ಟಿ ಪೆಟ್ಟಿಗೆ ನಿಂತು, ಎದುರಂಗಡಿಯ ಬೆಲೆ ನಮ್ಮದಕ್ಕೆ ಸಮನಾಯಿತು. ಮುನಿರಾಮಯ್ಯ ನನ್ನೊಡನೆ ಮಾತು ಬಿಟ್ಟ. ಕಮಲಾಕ್ಷಮ್ಮ ಅಂಗಡಿ ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ. ಇಂಥ ಆಮಿಷಗಳ ನಡುವೆ ತಮ್ಮ ಹೇಗೆ ವ್ಯಾಪಾರ ಮಾಡಿದ, ಬಿಟ್ಟಿ ಪೆಟ್ಟಿಗೆ ತಾನೂ ಪಡೆದನೋ ಎಂಬುದು ಮಾತ್ರ ನನಗೆ ಇನ್ನೂ ತಿಳಿಯದು. ಹೇಳಬೇಕಾದವನು ಶಿವನ ಪಾದ ಸೇರಿದ್ದಾನೆ.