ಮೇಸ್ತ್ರಿಯ ನೆಲ, ಬಡಗಿಯ ಸ್ಟ್ಯಾಂಡು

ಮೇಸ್ತ್ರಿಯ ಮನೆಯ ನಡುಮನೆಯಲ್ಲಿ ಒಂದು ಕೊಡ ನೀರು ಚೆಲ್ಲಿದರೆ ಅದು ಯಾರ ಅಪ್ಪಣೆಗೂ ಕಾಯದೆ ಬಾಗಿಲ ಕಡೆ ಹರಿದುಹೋಗುತ್ತಿತ್ತು. ನೆಲ ಹಾಸುವಾಗ ಅವನು ಕೊಟ್ಟ ವಾಟ ಅಂಥದು. ಇಳಿಜಾರು ನೀರಿಗೆ ಕಾಣಬೇಕು, ಕಣ್ಣಿಗೆ ಕಾಣಬಾರದು ಎನ್ನುವುದು ಅವನ ಸಿದ್ಧಾಂತ. ಹೊಸ ಮನೆ ಕಟ್ಟಿಸುವವರು ಬಂದು, ಆ ನೆಲದ ಮೇಲೆ ನೀರು ಹೊಯ್ಯಿಸಿ, ತಲೆದೂಗಿ ಹೋಗುತ್ತಿದ್ದರು.

ಈಗ ಆ ನೆಲದ ಮೇಲೆ ಮೀನಿನ ತೊಟ್ಟಿ ಬಂದಿತ್ತು. ಮೇಸ್ತ್ರಿಯ ಹೆಂಡತಿ ಬಟ್ಟೆ ಹೊಲಿಯುವವಳು. ಅವಳಿಗೆ ಕೆಲಸ ಕೊಡುತ್ತಿದ್ದ ಅಂಗಡಿಯಾಕೆ ಊರು ಬಿಡುವಾಗ ಗಾಜಿನ ತೊಟ್ಟಿಯನ್ನೂ ಕೆಂಪು ಮೀನುಗಳನ್ನೂ ಇವಳ ಕೈಗೆ ಒಪ್ಪಿಸಿ, "ಓರೆಯಾಗಿ ಮಾತ್ರ ಇಡಬೇಡ ಮಾರಾಯ್ತಿ. ಭಾರವೆಲ್ಲ ಒಂದೇ ಗಾಜಿನ ಮೇಲೆ ಬಿದ್ದು ಅಂಟು ಬಿಡುತ್ತೆ," ಎಂದು ಹೇಳಿಹೋಗಿದ್ದಳು. ಸ್ಟ್ಯಾಂಡು ಮಾಡಿಕೊಟ್ಟವನು ಇವಳ ತಮ್ಮ, ಬಡಗಿ. ಹಳೆಯ ಮಂಚದ ಮರವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ಅವನ ಅಂಗಡಿಯಲ್ಲಿ ರಸಮಟ್ಟ ಇಟ್ಟಾಗ ಗುಳ್ಳೆ ನಟ್ಟನಡುವೆ ನಿಂತಿತ್ತು.

ಇಲ್ಲಿ ತಂದಿಟ್ಟು ಅರ್ಧ ನೀರು ತುಂಬಿದರೆ, ಬಾಗಿಲ ಕಡೆಯ ತುದಿಯಲ್ಲಿ ನೀರು ಒಂದು ಬೆರಳು ಮೇಲೆ.

"ಈ ಕಡೆ ಕಾಲು ಗಿಡ್ಡ ಆಗಿದೆ," ಎಂದ ಮೇಸ್ತ್ರಿ.

"ಕಾಲು ನೆಟ್ಟಗೇ ಇವೆ ಭಾವ. ನಿಮ್ಮ ನೆಲ ಸೊಟ್ಟ," ಎಂದ ಬಡಗಿ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನೆಲ ನಿಜವಾಗ್ಲೂ ಡೊಂಕಿದ್ರೆ ಕುಣಿಯೋಳು ಪಾಪ ಏನ್ ಮಾಡ್ಬೇಕು?"

"ಡೊಂಕಲ್ಲಯ್ಯಾ ಅದು, ವಾಟ!"

ಅವಳು ನಡುವೆ ಬಾಯಿ ಹಾಕಿದಳು. "ಇಬ್ಬರದೂ ಸರಿ. ಆ ಎರಡು ಕಾಲಿನ ಕೆಳಗೆ ಬೆಣೆ ಇಡಿ, ಮುಗೀತು."

ಇಬ್ಬರೂ ಅವಳನ್ನು ದುರುಗುಟ್ಟಿ ನೋಡಿದರು. ತನ್ನ ಕೈಯಾರೆ ಮಾಡಿದ ಕಾಲಿಗೆ ಬೆಣೆ ಕೊಡುವ ಬಡಗಿ ಉಂಟೇ? ತನ್ನ ನೆಲದ ಮೇಲೆ ಬೆಣೆ ಇಡುವ ಮೇಸ್ತ್ರಿ ಉಂಟೇ? ಬೆಣೆ ಇಟ್ಟವನೇ ತಪ್ಪಿತಸ್ಥ. ಹೀಗಾಗಿ ಮೀನುಗಳು ಬಚ್ಚಲಿನ ಬಕೆಟ್ಟಿನಲ್ಲೇ ಉಳಿದವು.

ಬಡಗಿ ಆಗಾಗ ಬಂದು ಮೂಲೆಮಟ್ಟ ಹಿಡಿದು ಸ್ಟ್ಯಾಂಡು ಅಳೆದ. ಮೇಸ್ತ್ರಿ ಅವನೆದುರೇ ತಂಬಿಗೆಯಿಂದ ನೀರು ಚೆಲ್ಲಿ, ಅದು ಹರಿಯುವುದನ್ನು ಹೆತ್ತ ಮಗುವಿನ ನಡಿಗೆಯಂತೆ ನೋಡಿದ. ಬಕೆಟ್ಟಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಒಂದು ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟು ಇಬ್ಬರಿಗೂ ತೋರಿಸಿದಳು.

"ನೀರು ಬದಲಾಯಿಸ್ಬೇಕಿತ್ತು ಕಣೇ," ಎಂದ ಗಂಡ.

"ಪ್ಲಾಸ್ಟಿಕ್ ಬಕೆಟ್ ಅಲ್ವಾ ಅಕ್ಕಾ, ಅದಕ್ಕೇ," ಎಂದ ತಮ್ಮ.

ಅಂತೂ ತಪ್ಪು ತಮ್ಮದಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಮೀನನ್ನು ಹಿತ್ತಲಲ್ಲಿ ಹೂತು, ಕೈ ತೊಳೆದುಕೊಂಡು, ಅವಳು ತಮ್ಮನ ಅಂಗಡಿಗೆ ಹೋದಳು. "ಬಚ್ಚಲ ಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ ಕಣೋ. ಎರಡು ಬೆಣೆ ಮಾಡ್ಕೊಡು."

"ಮೊದ್ಲೇ ಹೇಳೋದಲ್ವಾ!" ಎಂದ ತಮ್ಮ, ಒಳ್ಳೆಯ ತುಂಡು ಹುಡುಕಿ, ಮದುವೆಯ ಮಂಚಕ್ಕೆ ಮಾಡುವಷ್ಟು ಪ್ರೀತಿಯಿಂದ ಎರಡು ಬೆಣೆ ಉಜ್ಜಿಕೊಟ್ಟ.

ಗಂಡ ಕೆಲಸಕ್ಕೆ ಹೋಗಿದ್ದ. ಅವಳು ತೊಟ್ಟಿಯ ನೀರನ್ನು ಚೊಂಬಿನಿಂದ ಮೊಗೆದು, ತಳದಲ್ಲಿ ಸ್ವಲ್ಪ ಮಾತ್ರ ಬಿಟ್ಟಳು. ಬಾಗಿಲ ಕಡೆಯ ಕಾಲುಗಳಿಗೆ ಬೆಣೆ ಕೊಟ್ಟು, ಕುಟ್ಟಾಣಿಯಿಂದ ಮೆಲ್ಲಗೆ ತಟ್ಟಿದಳು, ಹೊಲಿಗೆಯ ಟೇಪಿನಿಂದ ಎರಡೂ ತುದಿಯ ನೀರು ಅಳೆದಳು, ಮತ್ತೆ ತಟ್ಟಿದಳು. ಎರಡು ಕಡೆಯೂ ಒಂದೇ ಅಳತೆ ಬಂದ ಮೇಲೆ, ಉಳಿದ ಹೂವಿನ ಬಟ್ಟೆಯಲ್ಲಿ ಸ್ಟ್ಯಾಂಡಿಗೊಂದು ನೆರಿಗೆಯ ಲಂಗ ಹೊಲಿದು ನೆಲ ಮುಟ್ಟುವಂತೆ ಸುತ್ತಿದಳು. ಆಮೇಲೆ ನೀರು. ಆಮೇಲೆ ಮೀನುಗಳು.

ಸಂಜೆ ಮೇಸ್ತ್ರಿ ಬಂದು ನೋಡಿದ. ಭಾಮೈದ ಕದ್ದು ಬಂದು ಕಾಲು ಸರಿಮಾಡಿ ಹೋಗಿದ್ದಾನೆ ಎಂದುಕೊಂಡ. ಬಟ್ಟೆ ಎತ್ತಿ ನೋಡಲಿಲ್ಲ. ಬಿದ್ದವನ ಮೇಲೆ ಕಲ್ಲು ಹಾಕುವವನಲ್ಲ ಅವನು. ಮಾರನೆಯ ದಿನ ಬಡಗಿ ಬಂದ. ಭಾವ ಕೊನೆಗೂ ನೆಲ ಸರಿಮಾಡಿದ್ದಾರೆ ಎಂದುಕೊಂಡ. ಹಿರಿಯರ ಮಾನ ಕಾಯಬೇಕೆಂದು ಅವನೂ ಬಟ್ಟೆ ಮುಟ್ಟಲಿಲ್ಲ.

"ಇರ್ಲಿ ಬಿಡೋ," ಎಂದ ಮೇಸ್ತ್ರಿ, ಅವನ ಹೆಗಲು ತಟ್ಟಿ. "ಕೆಲ್ಸ ಅಂದ್ಮೇಲೆ ಎಲ್ರ ಕೈಲೂ ಹೆಚ್ಚುಕಮ್ಮಿ ಆಗುತ್ತೆ."

"ನಾನೂ ಅದನ್ನೇ ಹೇಳೋಣಾಂತಿದ್ದೆ ಭಾವ. ನೀವು ಮನಸ್ಸಿಗೆ ಹಚ್ಕೋಬೇಡಿ."

ಒಬ್ಬನ ವಿನಯ ಕಂಡು ಇನ್ನೊಬ್ಬನ ಮನಸ್ಸು ತುಂಬಿಬಂತು. ಇಬ್ಬರೂ ಒಂದೇ ಬೆಂಚಿನಲ್ಲಿ ಒತ್ತಿ ಕೂತು ಚಹಾ ಕುಡಿದರು.

"ಆ ಗೋಡೆ ಹತ್ರ ಇನ್ನೂ ದೊಡ್ಡದೊಂದು ಇಟ್ರೆ ಹೇಗೆ?" ಎಂದ ಮೇಸ್ತ್ರಿ.

"ಸ್ಟ್ಯಾಂಡು ನಂದು," ಎಂದ ಬಡಗಿ.

"ಬೇಡ," ಎಂದಳು ಅವಳು, ತಿರುಗಿಯೂ ನೋಡದೆ. ನೀರಿನ ಮೇಲೆ ಚಿಟಿಕೆ ಆಹಾರ ಉದುರಿಸಿದಳು. "ಉಳಿದಿರೋ ಮೀನಿಗೆ ಇದೇ ಸಾಕು."