ಕೆನ್ನೆಗೆ ತಣ್ಣಗಿದ್ದ ಮಣ್ಣು

ಬೇಸಗೆಯ ಅಪರಾಹ್ಣಕ್ಕೆ ಅದರದೇ ಆದ ಒಂದು ಮೌನವಿದೆ. ಬಿಸಿಲು ಬೀದಿಯ ಡಾಂಬರಿನ ಮೇಲೆ ಕರಗಿದ ಬೆಳ್ಳಿಯಂತೆ ಹರಡಿಕೊಂಡು, ಮರಗಳು ತಮ್ಮ ನೆರಳನ್ನು ಜಿಪುಣರ ಹಾಗೆ ಕಾಲಬುಡಕ್ಕೆ ಎಳೆದುಕೊಂಡು, ಹಕ್ಕಿಗಳು ಕೊರಳೊಣಗಿ ಹಾಡನ್ನೇ ಮರೆತು ಕೂತಿರುವ ಆ ಹೊತ್ತಿನಲ್ಲಿ, ಊರ ನಡುವಿನ ಆ ಹಳೆಯ ಕಲಾಸಂಗ್ರಹಾಲಯ ಮಾತ್ರ ಯಾರೋ ಮರೆತುಹೋದ ಕೊಳದಂತೆ ತಣ್ಣಗೆ ಮಲಗಿರುತ್ತಿತ್ತು. ಎತ್ತರದ ಗೋಡೆಗಳು... ಚಿತ್ರಗಳಿಗೆ ಬಿಸಿಲು ತಾಕದಂತೆ ಇಳಿಬಿಟ್ಟ ದಪ್ಪ ನೀಲಿ ಪರದೆಗಳು... ಆ ಪರದೆಗಳ ಅಂಚಿನಿಂದ ಹೇಗೋ ನುಸುಳಿದ ಒಂದೇ ಒಂದು ಕಿರಣ, ಹೆಸರಿಲ್ಲದ ಯಾವಳೋ ಚಿತ್ರಸುಂದರಿಯ ಕಪೋಲವನ್ನು ಸವರಿ, ತಪ್ಪು ಮಾಡಿದವನಂತೆ ಸರಿದುಹೋಗುವುದು! ಸಹೃದಯರೇ, ಅಂಥ ನಿಶ್ಶಬ್ದವನ್ನು ಒಡೆಯುವ ಅಧಿಕಾರ ಈ ಲೋಕದಲ್ಲಿ ಮಕ್ಕಳಿಗಲ್ಲದೆ ಇನ್ನಾರಿಗಿದೆ?

ಶಾಲೆಗಳಿಗೆ ಬೀಗ ಬಿದ್ದೊಡನೆ ಸಂಗ್ರಹಾಲಯದ ಹಿಂಬಾಗಿಲು ಬೇಸಗೆ ಶಿಬಿರಕ್ಕೆ ತೆರೆಯುತ್ತಿತ್ತು. ಬೆಳಿಗ್ಗೆ ಚಿಕ್ಕ ಮಕ್ಕಳು. ಮಧ್ಯಾಹ್ನ ಮೀಸೆ ಚಿಗುರುವ ವಯಸ್ಸಿನ ಹುಡುಗರು, ಅವರನ್ನು ಕಂಡರೆ ಮೂಗು ಮುರಿಯುವ ಹುಡುಗಿಯರು. ಭಾನುವಾರ ಅಪ್ಪ ಅಮ್ಮಂದಿರ ಸಮೇತ ಇಡೀ ಮನೆಮಂದಿ. ಒಂದು ಕೋಣೆಯಲ್ಲಿ ಬಣ್ಣ, ಇನ್ನೊಂದರಲ್ಲಿ ಕಾಗದ ಮತ್ತು ಅಂಟು, ಅಂಗಳದ ಕೊನೆಯ ಹೆಂಚಿನ ಕೋಣೆಯಲ್ಲಿ ಮಣ್ಣು. ಆ ಹೆಂಚಿನ ಕೋಣೆಯ ಒಡೆಯರನ್ನು ಎಲ್ಲರೂ ಮಣ್ಣಿನ ಮೇಷ್ಟ್ರು ಎನ್ನುತ್ತಿದ್ದರು. ಕಿವಿಯ ಹಿಂದೆ ಸದಾ ಒಣಗಿದ ಮಣ್ಣಿನ ಒಂದು ಚುಕ್ಕೆ, ಅಂಗಿಯಲ್ಲಿ ಸದಾ ಒಂದು ಗುಂಡಿ ಕಡಿಮೆ.

ಅವರ ಕೋಣೆಗೊಂದು ಪದ್ಧತಿ ಇತ್ತು, ಮಾಡಿದವರೂ ಅವರೇ. ಹದಿಮೂರು ತುಂಬಿದವರ ಕೆಲಸ ಮಾತ್ರ ಕರೆಂಟಿನ ಭಟ್ಟಿಗೆ ಹೋಗಿ, ಸುಟ್ಟು ಗಟ್ಟಿಯಾಗಿ, ಮನೆ ಸೇರುತ್ತಿತ್ತು. ಚಿಕ್ಕವರು ಮಾಡಿದ್ದು ಶಿಬಿರದ ಕೊನೆಯ ದಿನ ಹಲಗೆಯ ಮೇಲೆ ಕೂತು ಮೆರೆದು, ಸಂಜೆಗೆ ನೀರಿನ ತೊಟ್ಟಿಗೆ ಇಳಿದು, ಕರಗಿ, ಮುಂದಿನ ಬೇಸಗೆಯ ಮಕ್ಕಳಿಗೆ ಮತ್ತೆ ಮಣ್ಣಾಗುತ್ತಿತ್ತು. “ಮಾಡೋ ಖುಷಿ ನಿಮ್ದು, ಮಣ್ಣು ಎಲ್ಲರ್ದು,” ಎಂದು ಮೇಷ್ಟ್ರು ನಕ್ಕರೆ, ಅಳುಮೋರೆಯ ಮಕ್ಕಳೂ ತಮ್ಮ ಆನೆ ಕುದುರೆಗಳನ್ನು ತಾವೇ ತೊಟ್ಟಿಗೆ ಬಿಟ್ಟು ಟಾಟಾ ಮಾಡುತ್ತಿದ್ದರು. ತಾಯಂದಿರು ತಲೆದೂಗುತ್ತಿದ್ದರು. ಎಷ್ಟು ಚಂದದ ಮಾತು!... ಚಂದದ ಮಾತೊಂದು ಮುಂದೆ ಯಾರ ಕೊರಳನ್ನು ಬಿಗಿಯುವುದೆಂದು ಆಡುವ ಹೊತ್ತಿನಲ್ಲಿ ಯಾರಿಗೆ ತಿಳಿದಿರುತ್ತದೆ?

ಕಳೆದ ಬೇಸಗೆಯಲ್ಲಿ ಅವರ ಒಬ್ಬಳೇ ಮಗಳೂ ಆ ಕೋಣೆಯಲ್ಲಿದ್ದಳು. ನಿಂತಲ್ಲಿ ನಿಲ್ಲದ ಆ ಹುಡುಗಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು. ಹದಿಮೂರಕ್ಕೆ ಇನ್ನೂ ಕೆಲವು ತಿಂಗಳು ಬಾಕಿ. ಬುಗುರಿ ಒಂದು ಬೆಂಚು ಮಾಡಿದ್ದಳು. ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒರಗಿ ಕೂತ ಇಬ್ಬರು.

“ಯಾರೇ ಇವ್ರು?” ಮೇಷ್ಟ್ರು ಕೇಳಿದ್ದರು.

“ನೀನು, ಅಮ್ಮ. ಅಮ್ಮನ ಕೈಲಿ ಸೂಜಿ ಇದೆ. ಕಾಣಲ್ಲ, ಆದ್ರೆ ಇದೆ.”

“ನೀನೆಲ್ಲಿ?”

“ಅಯ್ಯೋ ಅಪ್ಪಾ, ನಾನು ನೋಡ್ತಾ ಇದೀನಲ್ಲ!”

ಕೊನೆಯ ದಿನ ಅವಳು ಆ ಬೆಂಚನ್ನು ಎದೆಗವಚಿಕೊಂಡು, “ಇದೊಂದನ್ನ ಸುಟ್ಟುಕೊಡಪ್ಪ,” ಎಂದಾಗ ಸುತ್ತ ಮಕ್ಕಳೆಲ್ಲ ಕಣ್ಣರಳಿಸಿ ನೋಡುತ್ತಿದ್ದರು. ಊಟದ ಡಬ್ಬಿ ತಂದ ತಾಯಿಯೂ ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಮಗಳ ತಲೆ ಸವರಿ ಹೇಳಿದ್ದರು: “ಮೇಷ್ಟ್ರ ಮಗಳಿಗೊಂದು ನ್ಯಾಯ, ಬೇರೆಯವ್ರಿಗೊಂದಾ? ಮುಂದಿನ ವರ್ಷ ದೊಡ್ಡವರ ಗುಂಪಿಗೆ ಬರ್ತೀಯಲ್ಲ. ಆಗ ಇನ್ನೂ ಚೆನ್ನಾಗಿ ಮಾಡು, ಸುಡೋಣ.” ಬುಗುರಿ ತುಟಿ ಉಬ್ಬಿಸಿ, ಒಂದು ಸುತ್ತು ತಿರುಗಿ, ಬೆಂಚನ್ನು ತೊಟ್ಟಿಗೆ ಬಿಟ್ಟಳು. ಗುಳುಂ ಎಂದ ನೀರು ಒಂದು ಗಳಿಗೆ ಕಲಕಿ, ತಿಳಿಯಾಯಿತು.

ಮುಂದಿನ ವರ್ಷ!... ಮಳೆಗಾಲದ ಒಂದು ಜ್ವರ, ದೀಪದ ಮೇಲೆ ಎರಗಿದ ಗಾಳಿಯಂತೆ ಬಂದು, ಮನೆಯನ್ನು ಕತ್ತಲು ಮಾಡಿ ಹೋಯಿತು.

ಆ ಗಂಡ ಹೆಂಡಿರ ಪ್ರೀತಿ ಹುಟ್ಟಿದ್ದೂ ಇದೇ ಸಂಗ್ರಹಾಲಯದಲ್ಲಿ ಎಂದರೆ ಯಾರಿಗಾದರೂ ಕರುಳು ಚುರ್ ಎನ್ನಬೇಕು. ಚಿತ್ರಶಾಲೆಯ ಆ ನೀಲಿ ಪರದೆಗಳನ್ನು ಹೊಲಿಯಲು ಬಂದಿದ್ದ ಹೊಲಿಗೆಯವಳು ಅವಳು. ಅವಳ ಸೂಜಿಯ ತುದಿಯಲ್ಲಿ ಮಿನುಗುವ ಬೆಳಕಿನ ಬಿಂದುವನ್ನೇ ನೋಡುತ್ತಾ ತರುಣ ಮೇಷ್ಟ್ರು ದಿನಕ್ಕೊಂದು ಗುಂಡಿ ಕಿತ್ತುಕೊಂಡು ಹೋಗಿ ಮುಂದೆ ನಿಲ್ಲುವರು. “ನಿಮ್ಮ ಅಂಗೀಲಿ ಗುಂಡಿ ನಿಲ್ಲೋದೇ ಇಲ್ವಲ್ಲ, ಒಳಗೇನು ಇಲಿ ಸಾಕಿದೀರಾ?” ಎಂದು ಅವಳು ಕಣ್ಣೆತ್ತದೆ ಕೇಳಿದ ದಿನ, ವಸಂತ ಋತು ಇಡಿಯಾಗಿ ಆ ಮಬ್ಬು ಮೊಗಸಾಲೆಗೆ ಇಳಿದುಬಂದಂತಾಗಿತ್ತು!

ಈಗ ಅವರಿಬ್ಬರ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೊಂದೇ ಮಾತು. ಈ ಬೇಸಗೆಯ ಶಿಬಿರ ಮುಗಿಯುತ್ತ ಬಂದಾಗ ಅವಳು ಶಾಲೆಯ ಸಮವಸ್ತ್ರವೊಂದರ ದಾರ ಕತ್ತರಿಸುತ್ತಾ, ಮಳೆ ಬಿಸಿಲಿನ ಮಾತಾಡುವಷ್ಟು ಶಾಂತವಾಗಿ ಹೇಳಿದಳು: “ನಿಮ್ಮ ಶಿಬಿರ ಮುಗಿದ ಮಾರನೇ ದಿನ ನಾನು ಅಕ್ಕನ ಮನೆಗೆ ಹೋಗ್ತೀನಿ ರೀ. ವಾಪಸ್ ಬರೋ ಮನಸ್ಸಿಲ್ಲ.”

ಮೇಷ್ಟ್ರು ಕಿವಿಯ ಹಿಂದಿನ ಒಣಮಣ್ಣು ಕೆರೆಯುತ್ತ ಕೇಳಿದರು: “ಬೆಂಚಿನ ಸಿಟ್ಟು ಇನ್ನೂ ಹೋಗಿಲ್ವಾ?”

“ಸಿಟ್ಟಲ್ಲ. ಹೊಟ್ಟೆಕಿಚ್ಚು. ನಿಮಗೆ ಆ ಮಣ್ಣಾದ್ರೂ ಇದೆ. ಅವಳ ಕೈಯಾಡಿದ ಮಣ್ಣು. ಬೆಳಗಾದ್ರೆ ಹೋಗಿ ಕಲಸ್ತೀರಿ. ನನಗೇನಿದೆ? ಗಿಡ್ಡ ಆಯ್ತು ಅಂತ ಅವಳ ಅಂಗಿಗಳನ್ನೂ ನಾನೇ ಬಿಚ್ಚಿ, ಚೀಲ ಹೊಲಿದುಬಿಟ್ಟಿದ್ದೆ. ಹಿಡ್ಕೊಳ್ಳೋಕೆ ಒಂದು ಗಟ್ಟಿ ವಸ್ತು ಇಲ್ಲ ನನ್ನ ಹತ್ರ.”

ಆ ಮಾತಿನ ಆಳಕ್ಕೆ ಇಳಿದವರಂತೆ ಮೇಷ್ಟ್ರು ತಲೆ ತಗ್ಗಿಸಿದರು. ಈ ಬೇಸಗೆಯ ಚಿಕ್ಕ ಮಕ್ಕಳು ಆನೆ, ಬಟ್ಟಲು, ಆಮೆ, ಮನೆ ಎಂದು ಮಾಡಿಟ್ಟಿದ್ದೆಲ್ಲ ಅದೇ ತೊಟ್ಟಿಯ ಮಣ್ಣು. ಎಲ್ಲೋ ಒಂದು ಆನೆಯ ಬೆನ್ನಿನಲ್ಲಿ, ಯಾವುದೋ ಬಟ್ಟಲಿನ ಅಂಚಿನಲ್ಲಿ, ಬುಗುರಿಯ ಬೆಂಚು ಇದ್ದೇ ಇದೆ!

“ಈ ಸಲ ಚಿಕ್ಕವರದ್ದನ್ನೂ ಸುಡ್ತೀನಿ,” ಎಂದರು. “ಅವಳ ಮಣ್ಣನ್ನ ಇನ್ನು ನೀರಿಗೆ ಬಿಡಲ್ಲ. ಗಟ್ಟಿಯಾಗಿ ಬಂದದ್ದರಲ್ಲಿ ನಿನಗೊಂದು ತರ್ತೀನಿ. ಆಮೇಲೂ ಹೋಗ್ಬೇಕು ಅನ್ಸಿದ್ರೆ ಹೋಗು.”

ಅವಳು ಎಷ್ಟೋ ಕಾಲದ ಮೇಲೆ ಮುಖವೆತ್ತಿ ಅವರನ್ನು ನೋಡಿದಳು. “ನಿಮ್ಮ ಪದ್ಧತಿ?”

“ಅದನ್ನೂ ಭಟ್ಟಿಗೆ ಹಾಕ್ತೀನಿ.”

ಅವಳ ತುಟಿಯಂಚಿನಲ್ಲಿ, ಮೋಡದ ಸೆರೆಯಿಂದ ಇಣುಕಿದ ಬೆಳಕಿನಂತೆ, ಏನೋ ಒಂದು ಮಿಣುಕಿ ಮಾಯವಾಯಿತು.

ಆದರೆ ಆ ವರ್ಷದ ಆಕಾಶಕ್ಕೆ ಮನುಷ್ಯರ ಆತುರ ಅರ್ಥವಾಗಲಿಲ್ಲ. ಶಿಬಿರ ಮುಗಿಯುವ ವಾರ ಅಕಾಲದ ಮಳೆ ಹಿಡಿಯಿತು. ಹೆಂಚಿನ ಕೋಣೆಯ ಗಾಳಿ ಒದ್ದೆ ಬಟ್ಟೆಯ ಹಾಗೆ ಭಾರವಾಗಿ, ಹಲಗೆಯ ಮೇಲಿನ ಆನೆ ಆಮೆಗಳು ಹೊರಗೆ ಬಿಳಿಚಿಕೊಂಡರೂ ಒಳಗೆ ಹಸಿಯಾಗಿಯೇ ಉಳಿದವು. ದೊಡ್ಡ ಹುಡುಗರಿಗೆ ಮೇಷ್ಟ್ರು ಪ್ರತಿವರ್ಷ ಹೇಳಿಕೊಡುವ ಪಾಠ ಅದು: “ಕಣ್ಣನ್ನ ನಂಬಬೇಡಿ. ಕೆನ್ನೆಗೆ ಇಟ್ಟು ನೋಡಿ. ತಣ್ಣಗಿದ್ರೆ ಒಳಗೆ ನೀರಿದೆ. ನೀರಿದ್ರೆ ಭಟ್ಟೀಲಿ ಸಿಡಿಯುತ್ತೆ.” “ಸರ್ ಹೂಜಿಗೆ ಮುತ್ತು ಕೊಡ್ತಾರೆ ನೋಡ್ರೋ!” ಎಂದು ಹಿಂದಿನ ಸಾಲು ಕಿಸಕ್ಕೆನ್ನುವುದು, ಮೇಷ್ಟ್ರೂ ನಗುವುದು, ಅದೂ ಪಾಠದ ಒಂದು ಭಾಗವೇ ಆಗಿತ್ತು. ಆ ದೊಡ್ಡವರ ಹೂಜಿಗಳೆಲ್ಲ ಮಳೆಗೆ ಮುಂಚೆಯೇ ಸುಟ್ಟು, ಸುಖವಾಗಿ ಕಪಾಟು ಸೇರಿದ್ದವು.

ಸಂಗ್ರಹಾಲಯದ ರಜೆಯ ದಿನ. ಮರುದಿನವೇ ಕೊನೆಯ ಪ್ರದರ್ಶನ; ಅದರ ಮರುದಿನ ಅಕ್ಕನ ಮನೆಯ ಬಸ್ಸು. ಮೇಷ್ಟ್ರು ಒಬ್ಬರೇ ಬಂದು ಒಂದು ಪುಟ್ಟ ಆನೆಯನ್ನೆತ್ತಿ ಕೆನ್ನೆಗಿಟ್ಟುಕೊಂಡರು. ತಣ್ಣಗಿತ್ತು! ಬಾವಿಯ ಕಲ್ಲಿನಂತೆ ತಣ್ಣಗಿತ್ತು... ಇನ್ನೊಮ್ಮೆ ಇಟ್ಟು ನೋಡಿದರು. ನಿದ್ದೆಯಿಲ್ಲದ ಕೆನ್ನೆ ಕೆಂಡವಾಗಿದೆ, ಅದಕ್ಕೆ ಇಡೀ ಲೋಕವೇ ತಣ್ಣಗೆ ಅನ್ನಿಸುತ್ತಿದೆ ಅಷ್ಟೆ ಎಂದುಕೊಂಡರು. ಹೃದಯಕ್ಕೆ ಬೇಕಾದುದನ್ನು ಬುದ್ಧಿ ಎಷ್ಟು ವಿನಯದಿಂದ ಒಪ್ಪಿಕೊಳ್ಳುತ್ತದೆ! ಒಂದೊಂದನ್ನೇ ಕೂಸನ್ನು ಮಲಗಿಸುವಂತೆ ಭಟ್ಟಿಯೊಳಗೆ ಜೋಡಿಸಿ, ಬಾಗಿಲು ಬಿಗಿದು, ಗುಂಡಿ ಒತ್ತಿದರು.

ಮಧ್ಯಾಹ್ನ ಅವಳು ಬಂದಳು. ಕೈಯಲ್ಲಿ ಊಟದ ಡಬ್ಬಿ! ಮಗಳು ಹೋದ ಮೇಲೆ ಆ ಹೊಸಿಲನ್ನು ಅವಳು ತುಳಿದಿರಲಿಲ್ಲ. ಮಕ್ಕಳ ಗಿಡ್ಡ ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಮೇಷ್ಟ್ರು. ಹೆಂಚಿನ ಗಾಜಿನ ಕಿಂಡಿಯಿಂದ ತೊಳೆದ ಬಿಸಿಲು ಅವರಿಬ್ಬರ ನಡುವಿನ ಖಾಲಿ ಜಾಗದಲ್ಲಿ ಬಂದು ಕೂತಿತು.

“ಯಾವುದು ಕೊಡ್ತೀರಿ ನನಗೆ?” ಅವಳು ಮೆಲ್ಲಗೆ ಕೇಳಿದಳು.

“ನೀನೇ ಆರಿಸ್ಕೋ.”

“ಆನೆ ಇದೆ ಅಂದ್ರಲ್ಲ...”

ಆಗ ಭಟ್ಟಿಯೊಳಗಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ದೂರದಲ್ಲಿ ಯಾರೋ ಕದ ಹಾಕಿದ ಹಾಗೆ.

“ಏನು ರೀ ಅದು?”

ಇನ್ನೊಂದು ಸದ್ದು. ಮತ್ತೊಂದು. ಮೇಷ್ಟ್ರು ಎದ್ದು ಭಟ್ಟಿಯ ಗುಂಡಿಗೆ ಕೈ ಚಾಚಿದರು. “ಸಿಡೀತಾ ಇದೆ ಕಣೇ. ಹಸಿ ಇತ್ತು. ಈಗ್ಲೇ ಭಟ್ಟಿ ಆರಿಸಿದ್ರೆ ಚೂರಾದ್ರೂ ಅದು ಮಣ್ಣೇ, ನೀರಿಗೆ ಹಾಕಿದ್ರೆ ಕರಗುತ್ತೆ. ಬಿಟ್ರೆ, ಒಡೆದಿದ್ದು ಒಡೆದ ಹಾಗೇ ಸುಟ್ಟುಹೋಗುತ್ತೆ. ಮತ್ತೆ ಮಣ್ಣಾಗಲ್ಲ.”

ಅವಳು ಥಟ್ಟನೆ ಅವರ ಕೈ ಹಿಡಿದುಕೊಂಡಳು. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು, ಆ ಬೆರಳುಗಳು ಅವರನ್ನು ಮುಟ್ಟಿದ್ದು ಅದೇ ಮೊದಲು. “ಬೇಡ! ಒಂದಾದ್ರೂ ಉಳಿದಿರುತ್ತೆ. ಒಂದು ಸಾಕು ನನಗೆ. ಆರಿಸಬೇಡಿ.”

ಆರಿಸಬೇಕೆಂದು ಮೇಷ್ಟ್ರ ಬುದ್ಧಿ ಕೂಗುತ್ತಿತ್ತು. ಆದರೆ ಗುಂಡಿ ಒತ್ತಬೇಕಾದರೆ ಆ ಕೈ ಬಿಡಿಸಿಕೊಳ್ಳಬೇಕಿತ್ತು... ಅವರು ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ನಿಂತು, ಒಂದೊಂದೇ ಸದ್ದನ್ನು ಇಬ್ಬರೂ ಕೇಳಿದರು, ಕೇಳುತ್ತಲೇ ಇದ್ದರು, ಕೊನೆಗೆ ಸಿಡಿಯಲು ಏನೂ ಉಳಿಯದೆ ಭಟ್ಟಿ ತನ್ನಷ್ಟಕ್ಕೆ ಗುಂಯ್ ಎನ್ನುವ ತನಕ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಕೆಂಪು ಚೂರುಗಳ ಒಂದು ರಾಶಿ. ಸಿಡಿಯದೆ ಉಳಿಯಬಹುದಾಗಿದ್ದ ಒಂದೆರಡನ್ನೂ ಪಕ್ಕದವುಗಳ ಚೂರುಗಳು ಬಡಿದು ಒಡೆದಿದ್ದವು. ಹೂದಳದಂತೆ ತೆಳುವಾದವು, ಮೊಳೆಯಂತೆ ಚೂಪಾದವು... ಎಲ್ಲವೂ ಗಟ್ಟಿ. ಇನ್ನು ಯಾವ ನೀರಿಗೂ ಕರಗದಷ್ಟು ಗಟ್ಟಿ!

ಮಕ್ಕಳು ಅಪ್ಪ ಅಮ್ಮಂದಿರ ಕೈ ಹಿಡಿದು ಬಂದರು. ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಹಲಗೆಯನ್ನೆಲ್ಲ ಹುಡುಕಿ ಕೇಳಿದಳು, “ನನ್ನ ಆನೆ ಎಲ್ಲಿ?”

ಅವಳ ಮುಂದೆ ಮಂಡಿಯೂರಿದ್ದು ಮೇಷ್ಟ್ರ ಹೆಂಡತಿ. “ಒಡೆದುಹೋಯ್ತು ಕಂದಾ.”

“ಢಂ ಅಂತಾ?”

“ಹೂಂ. ಢಂ ಅಂತ.”

ಹುಡುಗಿ ಸ್ವಲ್ಪ ಯೋಚಿಸಿದಳು. “ಮೇಷ್ಟ್ರು ಹೆದರ್ಕೊಂಡ್ರಾ?”

“ತುಂಬಾ. ನಾನೂ ಹೆದರ್ಕೊಂಡೆ.”

“ನನ್ನ ಕರೀಬೇಕಿತ್ತು. ನನಗೆ ಪಟಾಕಿಗೂ ಹೆದರಿಕೆ ಇಲ್ಲ,” ಎಂದು ಆ ಹುಡುಗಿ ಬಣ್ಣದ ಕೋಣೆಗೆ ಓಡಿದಳು. ಹಿಂದಿನಿಂದ ಹಿಂದಿನ ಸಾಲಿನ ಉದ್ದನೆಯ ಹುಡುಗನ ದನಿ, ಕುಚೋದ್ಯವಿಲ್ಲದೆ, ನಿಜವಾದ ಬೆರಗಿನಿಂದ: “ಸರ್, ಕೆನ್ನೆಗೆ ಇಟ್ಟು ನೋಡ್ಲಿಲ್ವಾ?”

“ನೋಡಿದ್ದೆ ಕಣಪ್ಪ,” ಎಂದರು ಮೇಷ್ಟ್ರು.

ಸಂಜೆಗೆ ಎಲ್ಲರೂ ಹೋದರು. ಅಂಗಳದಲ್ಲಿ ಬಣ್ಣದ ಕಾಗದದ ಚೂರುಗಳನ್ನು ಗಾಳಿ ಮೂಲೆಗೆ ಗುಡಿಸುತ್ತಿತ್ತು. ತೊಟ್ಟಿಯ ಎದುರಿನ ಗಿಡ್ಡ ಬೆಂಚಿನ ಮೇಲೆ ಮೇಷ್ಟ್ರು ಒಬ್ಬರೇ ಕೂತಿದ್ದರು. ಕಳೆದ ವರ್ಷ ಇದೇ ಹೊತ್ತಿಗೆ ಗುಳುಂ ಎಂದಿದ್ದ ನೀರು ಈಗ, ತಳದಲ್ಲಿ ಹಿಡಿ ಮಣ್ಣೂ ಇಲ್ಲದೆ, ಏನೂ ಕೇಳದೆ ತಿಳಿಯಾಗಿತ್ತು. ಅವಳು ಬಂದು ಪಕ್ಕದಲ್ಲಿ ಕೂತಳು. ಈ ಸಲ ನಡುವೆ ಬಿಸಿಲಿಗೂ ಜಾಗವಿರಲಿಲ್ಲ.

“ಈಗ ನಿಮ್ಮ ಕೈಲೂ ಏನಿಲ್ಲ,” ಎಂದಳು.

“ಇಲ್ಲ.”

“ನನ್ನ ಕೈಲೂ ಇಲ್ಲ.”

“ನಾಳೆ ಬಸ್ಸು ಎಷ್ಟು ಹೊತ್ತಿಗೆ?”

ಅವಳು ಅವರ ಅಂಗಿಯಲ್ಲಿ ಒಂದೇ ಎಳೆಯಲ್ಲಿ ತೂಗಾಡುತ್ತಿದ್ದ ಗುಂಡಿಯನ್ನು ನೋಡಿದಳು. ತನ್ನ ಕೊರಳಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದಳು. “ಅಲ್ಲಾಡಬೇಡಿ,” ಎಂದು ಇನ್ನಷ್ಟು ಹತ್ತಿರ ಒರಗಿ, ಮುಳುಗುವ ಬೆಳಕಿಗೆ ದಾರ ಪೋಣಿಸಿ, ಹೊಲಿಯತೊಡಗಿದಳು. ಒಂದು ಬೆಂಚು. ಒಬ್ಬರಿಗೊಬ್ಬರು ಒರಗಿದ ಇಬ್ಬರು. ಅಮ್ಮನ ಕೈಯಲ್ಲಿ ಸೂಜಿ... ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಅದು ಹೊಳೆಯಿತು. ಇಬ್ಬರೂ ತಲೆಯೆತ್ತಿ, ಎದುರಿನ ಖಾಲಿ ಜಾಗವನ್ನು, ಬುಗುರಿ ನಿಂತು ನೋಡುತ್ತಿದ್ದಿರಬೇಕಾದ ಆ ಜಾಗವನ್ನು, ನೋಡಿದರು.

ಸಹೃದಯರೇ, ಇಬ್ಬರ ಪ್ರೀತಿಯನ್ನು ನೋಡಿ ನಲಿಯುತ್ತಿದ್ದ ಕಣ್ಣೊಂದು ಮುಚ್ಚಿಹೋದ ಮೇಲೆ ಆ ಪ್ರೀತಿ ಯಾರಿಗಾಗಿ ಬೆಳಗಬೇಕು? ಅದಕ್ಕೆ ಉತ್ತರವಿಲ್ಲ. ಯಾರೂ ಹತ್ತದ ಗುಡ್ಡದ ಮೇಲೂ ಸಂಜೆ ತನ್ನ ಪಾಡಿಗೆ ಕೆಂಪಾಗಿ, ತನ್ನ ಪಾಡಿಗೆ ಆರುತ್ತದಲ್ಲ, ಮನುಷ್ಯರ ಪ್ರೀತಿಯೂ ಹಾಗೆಯೇ... ಬೆಳಗುತ್ತದೆ, ನೋಡುವವರಿಲ್ಲವೆಂದು ಅಳುತ್ತಲೇ ಬೆಳಗುತ್ತದೆ.